ಎರೆಗೆ ಬಿಡದ ನೀರು

ಯಂಕಪ್ಪ ಮೇಸ್ತ್ರಿ, ಅವತ್ತು ನಾನು ನೀರು ಬಿಟ್ಟದ್ದು ಎರೆಯ ಕರಿ ಮಣ್ಣಿಗಲ್ಲ. ಗರಸು ಹಾಕಿದ ಗಟ್ಟಿ ನೆಲದ ಮೇಲೆ ಬಿಟ್ಟೆ. ಬೇಕಂತಲೇ ಬಿಟ್ಟೆ.

ಏಳು ವರ್ಷ ಹೇಳದೆ ಉಳಿಸಿಕೊಂಡ ಮಾತು ಇಷ್ಟೇ. ಬರೆದು ನೋಡಿದರೆ ಎರಡು ಸಾಲೂ ಆಗಲಿಲ್ಲ. ಇಷ್ಟು ಸಣ್ಣದನ್ನು ಹೊತ್ತು ಇಷ್ಟು ಯಾಕೆ ದಣಿದೆನೋ — ಪಂಚಾಯತಿ ಅಧ್ಯಕ್ಷರ ಕೆಮ್ಮು, ಕಂಡಕ್ಟರನ ಸೀಟಿ, ನಮ್ಮವ್ವ ಪಕ್ಕದ ಮನೆಯ ಕೋಳಿಗೆ ಬೈಯುವ ಬೈಗುಳ, ಎಲ್ಲವನ್ನೂ ಬಾಯಲ್ಲಿಟ್ಟುಕೊಂಡು ತಿರುಗುವ ಈ ಗವಿಸಿದ್ದ, ಇದೊಂದನ್ನು ತನ್ನ ಸ್ವಂತ ದನಿಯಲ್ಲಿ ಹೇಳಲಾರದೆ ಹೋದ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದ ಮೇಲೆ ಯಾರ ದನಿಯನ್ನೂ ತೆಗೆಯಲು ಬರುವುದಿಲ್ಲ. ಸದ್ಯ.

ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮೊದಲಿನಿಂದ ಬರೆಯದಿದ್ದರೆ ನಾನು ನಡುವೆ ಎಲ್ಲೋ ಒಂದು ನಗೆ ಹಚ್ಚಿ ಜಿಗಿದುಬಿಡುತ್ತೇನೆ. ನನ್ನ ಗುಣ ನನಗೆ ಗೊತ್ತು.

ನಮ್ಮ ದೊಡ್ಡಪ್ಪನ ಮಗ ಶರಣಪ್ಪಣ್ಣ ಆಗ ಕುಷ್ಟಗಿಯ ಬಟ್ಟೆ ಅಂಗಡಿಯ ಕೆಲಸ ಬಿಟ್ಟು ಬಂದು, ಮಂದಿಯನ್ನು ರಸ್ತೆ ಇಲ್ಲದ ಕಡೆ ಸುತ್ತಿಸುವ ಉದ್ಯೋಗ ಹಿಡಿದಿದ್ದ. ಗಂಗಾವತಿ ಕಡೆ ಬಂಡೆಗುಡ್ಡ ನೋಡಲು ಬಂದವರನ್ನು ಅಲ್ಲೇ ಹತ್ತಿಸಿಕೊಳ್ಳುವುದು, ಇಟಗಿಯ ಮಹಾದೇವ ಗುಡಿ ತೋರಿಸುವುದು, ಆಮೇಲೆ ಡಾಂಬರು ಬಿಟ್ಟು ಹೊಲದ ದಾರಿ, ಹಳ್ಳದ ದಾರಿ, ಕುರಿ ಹಿಂಡು ತರುಬಿ ನಿಲ್ಲಿಸಿದ ಹೊಲದಲ್ಲಿ ಕುಳಿತು ರೊಟ್ಟಿ ಊಟ — ಸಂಜೆಗೆ ನಮ್ಮೂರು, ಯಲಬುರ್ಗಾದ ಮಂಗಳೂರು. ಬಂದವರು ಸಮುದ್ರ ಎಲ್ಲಿ ಎಂದು ಕೇಳುವರು. ನಾನು ಊರ ಕೆರೆಯ ಮುಂದೆ ನಿಲ್ಲಿಸಿ ಬಾಯಲ್ಲಿ ತೆರೆಯ ಸದ್ದು ಮಾಡುತ್ತಿದ್ದೆ. ಗಾಡಿ ಒರೆಸುವುದು, ಸಾಮಾನು ಏರಿಸುವುದು, ದಾರಿಯುದ್ದಕ್ಕೂ ನಗಿಸುವುದು ನನ್ನ ಕೆಲಸ. ಅಣ್ಣನ ಹೆಂಡತಿ ಶಾಂತವೈನಿ ಬಾಗಿಲಲ್ಲಿ ನಿಂತು ಅನ್ನುತ್ತಿದ್ದರು: "ಮಂದಿ ಕೆಸರು ತಪ್ಪಿಸಾಕ ಗಾಡಿ ತಗೋತಾರ, ನಮ್ಮವರು ಕೆಸರು ಹುಡುಕಾಕ ತಗೋತಾರ."

ಇದ್ದ ಹಳೆಯ ಜೀಪು ಹಿಂದಿನ ಎರಡು ಗಾಲಿಯಿಂದಲೇ ದುಡಿಯುವಂಥದು. ಹಳ್ಳದ ಉಸುಕು ಕಂಡರೆ ಎಮ್ಮೆಯಂತೆ ಮಲಗಿಬಿಡುತ್ತಿತ್ತು. ನಾಲ್ಕೂ ಗಾಲಿ ದುಡಿಯುವ, ಮಳೆಗಾಲದಲ್ಲೂ ಹೊಲ ದಾಟಿಸುವ ಗಟ್ಟಿ ಗಾಡಿ ಬೇಕಾಗಿತ್ತು. ಅಣ್ಣ ಎರಡು ಗಾಡಿ ಹುಡುಕಿದ. ಎರಡೂ ಯಾರೋ ಓಡಿಸಿ ಬಿಟ್ಟವೇ.

ಸಿದ್ದಾಪುರದ ಗದ್ದೆಯವರದು ಹಸಿರು ಗಾಡಿ. ಗಿಡ್ಡದು, ಅಗಲ ಕಡಿಮೆಯ ಟೈರಿನದು, ಒಳಗೆ ಕೂತರೆ ತಗಡಿನ ಡಬ್ಬಿಯಲ್ಲಿ ಕಡಲೆ ಹಾಕಿ ಅಲುಗಾಡಿಸಿದ ಹಾಗೆ. ಗಿಯರಿನ ಪಕ್ಕದಲ್ಲಿ ಲೋ ಗಿಯರಿಗೆ ಇನ್ನೊಂದು ಕಡ್ಡಿ. ಮುಂದಿನ ಗಾಲಿಗಳನ್ನು ದುಡಿಮೆಗೆ ಹಚ್ಚಬೇಕಾದರೆ ಒಬ್ಬರು ಕೆಳಗಿಳಿದು, ಎರಡೂ ಗಾಲಿಯ ನಟ್ಟನಡುವಿನ ಹಬ್ಬನ್ನು ಕೈಯಿಂದ ತಿರುವಬೇಕು. ಆ ಒಬ್ಬರು ಯಾರೆಂದು ಹೇಳಬೇಕಾಗಿಲ್ಲ. ಗಂಗಾವತಿಯದು ಬೆಳ್ಳಿ ಬಣ್ಣದ ಗಾಡಿ. ಎತ್ತರ, ಅಗಲವಾದ ಟೈರು, ಏಸಿ, ನಾಲ್ಕೂ ಬಾಗಿಲಲ್ಲಿ ಹಾಡು. ಕೂತಲ್ಲೇ ಗುಂಡಿ ತಿರುವಿದರೆ ನಾಲ್ಕೂ ಗಾಲಿ ಎಳೆಯುತ್ತವೆ.

ಯಲಬುರ್ಗಾದಲ್ಲಿ ನಿಮ್ಮ ಗ್ಯಾರೇಜಿನ ಮುಂದೆ ಎರಡನ್ನೂ ನಿಲ್ಲಿಸಿದೆವು. ಈ ತಾಲೂಕಿನಲ್ಲಿ ಹಳೆ ಟ್ರ್ಯಾಕ್ಟರೇ ಕೊಳ್ಳಲಿ, ಟಂಟಂ ಕೊಳ್ಳಲಿ, ನೀವು ಒಮ್ಮೆ ಸುತ್ತು ಹೊಡೆದು ಹೂಂ ಅನ್ನದೆ ಯಾರೂ ಕೈ ಹಾಕುತ್ತಿರಲಿಲ್ಲ. ನೀವು ಬಾನೆಟ್ಟನ್ನೂ ಎತ್ತಲಿಲ್ಲ. ಮುಷ್ಟಿ ಕಟ್ಟಿ ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಸಂದಿಯಲ್ಲಿ ತೂರಿಸಿದಿರಿ. ಹಸಿರಿನದರಲ್ಲಿ ಮುಷ್ಟಿ ಸುತ್ತಲೂ ತಿರುಗಿ ಬಂತು. ಬೆಳ್ಳಿಯದರಲ್ಲಿ ಮೂರು ಬೆರಳು ಹೋಗಿ ನಿಂತವು.

"ಶರಣಪ್ಪಾ, ಹಸರದು ತಗೋ," ಅಂದಿರಿ. "ಎರಿ ಮಣ್ಣು ಗಾಲಿಗೆ ಹತ್ತಿದ್ರ ಬಿಡಂಗಿಲ್ಲಪಾ. ತಿರಗಿದಷ್ಟೂ ಗಾಲಿ ದಪ್ಪ ಆಕ್ಕೋತ ಹೋಗತೈತಿ. ಕಡೀಕೆ ಈ ಸಂದ್ಯಾಗ ತುಂಬಿ ಗಾಲೀನ ಹಿಡದ ಬಿಡತೈತಿ. ಆಮ್ಯಾಲೆ ನಾಕಲ್ಲ, ಎಂಟು ಗಾಲಿ ದುಡದ್ರೂ ಅಷ್ಟ. ಬಂಡಿ ಗಾಲಿ ನಮ್ಮ ಮುತ್ಯಾ ಯಾಕ ಅಗಲ ಕಡಿಮಿ ಮಾಡಿದ್ದ? ಕಟಗಿ ಇದ್ದಿದ್ದಿಲ್ಲಂತಲೇನು?"

ಅಣ್ಣನಿಗೆ ಮನಸ್ಸು ಎರಡಾಯಿತು. "ಬರೋ ಮಂದಿ ಬೆಳ್ಳಿ ಗಾಡಿ ನೋಡಿದ್ರ ಹತ್ತತಾರ್ರಿ ಮೇಸ್ತ್ರಿ. ಹಸರದು ನೋಡಿದ್ರ ಇಳೀತಾರ."

ಆಗ ನೀವು ಹೇಳಿದ ಮಾತಿನಿಂದಲೇ ನನ್ನ ಪಾಪಕ್ಕೆ ದಾರಿಯಾಯಿತು. "ಎತ್ತು ತಗೊಳ್ಳೋವಾಗ ಸಂತ್ಯಾಗ ನೋಡಿ ತರತೀಯೇನು? ಹೊಲಕ್ಕ ಹೊಡಕೊಂಡು ಹೋಗಿ, ಹೂಡಿ, ಒಂದು ಸುತ್ತು ಹೊಡದು ನೋಡತೀ ಇಲ್ಲೋ? ಇದನ್ನೂ ಹಂಗ ನೋಡು. ಎರಿ ತೋಯ್ಸು, ಎರಡನ್ನೂ ಇಳಸು. ಹೊಲ ಸುಳ್ಳು ಹೇಳಂಗಿಲ್ಲ. ಅದು ಹೇಳಿದ್ದನ್ನ ನಾನೂ ಕೇಳತೀನಿ."

ಹೊಲ ಹೇಳಿದ್ದನ್ನು ನೀವು ಕೇಳಿದಿರಿ ಮೇಸ್ತ್ರಿ. ಹೊಲದ ಬಾಯಲ್ಲಿ ಮಾತಾಡಿದವನು ನಾನು. ನಾನು ತೆಗೆದ ದನಿಗಳಲ್ಲಿ ಅದೊಂದನ್ನು ಮಾತ್ರ ಇವತ್ತಿನವರೆಗೆ ಯಾರೂ ಹಿಡಿದಿಲ್ಲ.

ಮಳೆಗೆ ಇನ್ನೂ ಎರಡು ತಿಂಗಳಿತ್ತು. ಎರೆ ಒಣಗಿ ಕೈ ಹೋಗುವಷ್ಟು ಬಿರಿದಿತ್ತು. ಅಣ್ಣನ ಪಾಲಿನ ಹೊಲದಲ್ಲಿ ನೀರಿಲ್ಲ, ನಮ್ಮ ಪಾಲಿನದರಲ್ಲಿ ಬೋರಿದೆ. ಅಪ್ಪ ಆ ವಾರ ಕುಷ್ಟಗಿಯಲ್ಲಿ ಅಕ್ಕನ ಮನೆಯಲ್ಲಿದ್ದ. "ಗವೀ, ನಾಳೆ ಕರೆಂಟ್ ಬಂದ ಕೂಡ್ಲೇ ಒಂದು ಪಟ್ಟಿ ತೋಯ್ಸಿ ಬಿಡು," ಅಂದ ಅಣ್ಣ. "ಮೊಳಕಾಲ ಮಟ ಹೂಳಬೇಕು ನೋಡು."

ಅದರ ಹಿಂದಿನ ದಿನ ಗಂಗಾವತಿಯಿಂದ ಬೆಳ್ಳಿ ಗಾಡಿಯಲ್ಲಿ ಕೂತು ಬಂದವನು ನಾನು. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ತಣ್ಣನೆಯ ಗಾಳಿ ನೇರ ಮುಖಕ್ಕೆ. ಕೊಪ್ಪಳದ ಸರ್ಕಲ್ಲಿನಲ್ಲಿ ನನ್ನ ಗೆಳೆಯರು ನಿಂತಿದ್ದರು, ಕಿಟಕಿ ಇಳಿಸಿ, ಸಾಹುಕಾರರ ದನಿ ತೆಗೆದು "ಏನ್ರೋ, ಉಂಡ್ರೇನು?" ಅಂದಿದ್ದೆ. ಅದೇ ಸಂಜೆ ಹಸಿರು ಗಾಡಿಯ ಡ್ರೈವರು ಹಬ್ಬು ತಿರುವುವುದನ್ನು ಕಲಿಸಿಕೊಟ್ಟ. ಮಣ್ಣಲ್ಲಿ ಮೊಳಕಾಲೂರಿ ತಿರುವಿದೆ. ಹೊಸ ಅಂಗಿಯ ಎದೆಗೆ ಗ್ರೀಸು ಹತ್ತಿತು.

ಕಾರಣ ಅಷ್ಟೇ. ಇದಕ್ಕಿಂತ ದೊಡ್ಡದೊಂದು ಹುಡುಕಿ ಹುಡುಕಿ ನೋಡಿದ್ದೇನೆ — ಬಡತನ, ದ್ವೇಷ, ಯಾರದೋ ಚಿತಾವಣೆ — ಏನಾದರೂ ಇದ್ದಿದ್ದರೆ ಹೇಳಿಕೊಳ್ಳಲು ಒಂದು ಗೌರವ ಇರುತ್ತಿತ್ತು. ತಣ್ಣನೆಯ ಗಾಳಿ ಮತ್ತು ಒಂದು ಅಂಗಿ. ಅದರಾಚೆ ಏನೂ ಸಿಕ್ಕಿಲ್ಲ.

ಹೊಲದ ಬದುವಿನ ಗುಂಟ ಒಂದು ಪಟ್ಟಿಯಲ್ಲಿ, ಟ್ರ್ಯಾಕ್ಟರ್ ಒಳಗೆ ಬರಲೆಂದು ನಾನೂ ಅಪ್ಪನೂ ಹಿಂದಿನ ವರ್ಷ ಗರಸು ಕಲ್ಲುಮಣ್ಣು ಹಾಕಿ ಗಟ್ಟಿ ಮಾಡಿದ್ದೆವು. ಆಮೇಲೆ ಕುಂಟೆ ಹೊಡೆಯುವಾಗ ಎರೆಮಣ್ಣು ಸರಿದು ಅದರ ಮೇಲೆ ನಾಲ್ಕು ಬೆರಳು ಕೂತಿತ್ತು. ಮೇಲಿನಿಂದ ನೋಡಿದರೆ ಅದೂ ಎರೆಯೇ. ಕೆಳಗೆ ಕಲ್ಲಿನಂಥ ನೆಲ. ಅದು ನಮ್ಮಿಬ್ಬರಿಗೆ ಮಾತ್ರ ಗೊತ್ತು. ಮುಂಜಾನೆ ಕರೆಂಟ್ ಬಂತು, ಕಾಲುವೆಯಲ್ಲಿ ನೀರು ಹರಿದು ಕವಲಿನ ತನಕ ಬಂತು. ಸಲಿಕೆ ಕೈಯಲ್ಲಿ ಹಿಡಿದು ನಿಂತೆ. ಎಷ್ಟು ಹೊತ್ತು ನಿಂತೆನೋ — ನೀರು ಎರಡೂ ಕಡೆ ಮೂಸಿ ನೋಡುತ್ತಿತ್ತು. ಎರೆಯ ಕಡೆಗೆ ನಾಲ್ಕು ಮಣ್ಣಿನ ಹೆಂಟೆ ಎಳೆದು ಕಟ್ಟಿದೆ. ಗರಸಿನ ಪಟ್ಟಿಗೆ ಬಿಟ್ಟೆ. ಆಮೇಲೆ ಬೇವಿನ ನೆರಳಿಗೆ ಹೋಗಿ ಮಲಗಿದೆ. ನಿದ್ದೆಯೂ ಬಂತು.

ಮರುದಿನ ನೀವು ಬಂದಿರಿ. ಬದುವಿನ ಮೇಲೆ ಇಪ್ಪತ್ತು ಮಂದಿ ಸೇರಿದ್ದರು. ಚಪ್ಪಲಿ ಬಿಟ್ಟು ಕೆಸರಿಗಿಳಿದು ಹಿಮ್ಮಡಿ ಒತ್ತಿದಿರಿ. ಇನ್ನೊಂದು ಹೆಜ್ಜೆ ಇಟ್ಟು ಮತ್ತೆ ಒತ್ತಿದಿರಿ.

"ಗವೀ, ಕಾಲು ಹೂಳವಲ್ದಲ್ಲೋ. ಎರೀಗೇ ಬಿಟ್ಟೀ ಹೌದಿಲ್ಲೋ ನೀರು?"

"ಬಿಟ್ಟೀನ್ರಿ ಮೇಸ್ತ್ರಿ. ಹಗಲೆಲ್ಲ ಹರದೈತಿ. ನಮ್ಮ ಹೊಲ ನಮಗ ಗೊತ್ತಿಲ್ಲೇನ್ರಿ?"

ಇದೇ ಆ ಮಾತು. ಒಕ್ಕಲಿಗನ ಮಗ ತನ್ನ ಹೊಲದ ಮೇಲೆ ಕೈ ಮಾಡಿ ಹೇಳಿದ ಸುಳ್ಳು.

ನೀವು ಆದರೂ ನಿಂತೇ ಇದ್ದಿರಿ. ಮೂರನೇ ಸಲ ಹಿಮ್ಮಡಿ ಎತ್ತಿದಿರಿ. ಆಗ ನಿಮ್ಮ ದನಿಯನ್ನೇ ತೆಗೆದೆ — ಗದ್ದ ಎದೆಗೆ ಒತ್ತಿ, ಮುಷ್ಟಿ ಕಟ್ಟಿ ಗಾಳಿಯಲ್ಲಿ ತೂರಿಸುತ್ತ: "ಏ ತಮ್ಮಾ, ಈ ಎರಿಗೆ ನನ್ನ ಕಾಲಿನ ಗುರುತಿಲ್ಲಪಾ, ಅದಕ್ಕ ಒಳಗ ಕರೀವಲ್ದು!" ಇಪ್ಪತ್ತು ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನೀವೂ ನಕ್ಕಿರಿ. ನಗುವವನು ಅದೇ ಪ್ರಶ್ನೆಯನ್ನು ಮತ್ತೆ ಕೇಳುವುದಿಲ್ಲ ಎಂಬುದು ನನಗೆ ಚಿಕ್ಕಂದಿನಿಂದ ಗೊತ್ತು. ಶಾಲೆಯಲ್ಲಿ ಅದೇ ವಿದ್ಯೆಯಿಂದ ಪಾರಾಗಿದ್ದೆ. ಎತ್ತಿದ ಹಿಮ್ಮಡಿಯನ್ನು ನೀವು ಮೆಲ್ಲಗೆ ಕೆಳಗಿಟ್ಟಿರಿ.

ಬೆಳ್ಳಿ ಗಾಡಿ ಕೆಸರನ್ನು ಎರಡೂ ಕಡೆ ರೆಕ್ಕೆಯಂತೆ ಹಾರಿಸುತ್ತ ಆ ತುದಿ ಮುಟ್ಟಿ ಬಂತು. ಎರಡನೇ ಸಲವೂ ಹೋಯಿತು. ಹಸಿರು ಗಾಡಿಯೂ ಹೋಯಿತು — ಗೊಣಗುತ್ತ, ಕುಣಿಯುತ್ತ, ನಿಧಾನವಾಗಿ. ನೀವು ಎರಡೂ ಗಾಡಿ ನಿಲ್ಲಿಸಿ ಎಲ್ಲರಿಗೂ ಕೇಳುವಂತೆ ಹೇಳಿದಿರಿ:

"ನಂದು ತಪ್ಪಾತಪಾ ಶರಣಪ್ಪಾ. ಎರಡೂ ಪಾಸಾದ್ವು. ಹಂಗಿದ್ದ ಮ್ಯಾಲೆ ಮಂದಿ ಸುಖವಾಗಿ ಕುಂಡ್ರೋದನ್ನ ತಗೋ. ನಾನ ಹೇಳತೀನಿ, ಬೆಳ್ಳೀದು ತಗೋ."

ಮೂವತ್ತು ವರ್ಷದ ಅನುಭವವನ್ನು ಅಲ್ಲೇ ಬದುವಿನ ಮೇಲೆ ಹಾಗೇ ಇಟ್ಟು ಹೋದಿರಿ, ಹೊಲಕ್ಕೆ ಮರ್ಯಾದೆ ಕೊಟ್ಟು. ಅಣ್ಣ ನಿಮ್ಮ ಮಾತಿನ ಮೇಲೆ ಬೆಳ್ಳಿ ಗಾಡಿ ಕೊಂಡ.

ಬೇಸಿಗೆ ಚೆನ್ನಾಗಿ ಹೋಯಿತು. ಗಾಡಿ ಬಂಡೆಯ ಮೇಲೆ ಏರುತ್ತಿತ್ತು, ಹಳ್ಳದ ಉಸುಕು ದಾಟುತ್ತಿತ್ತು. ನಾನು ತಣ್ಣಗೆ ಕೂತು ಹಾಡು ಬದಲಿಸುತ್ತಿದ್ದೆ. ಮುಂಗಾರಿ ಮಳೆ ಬಿದ್ದ ಮೂರನೇ ದಿನ ಧಾರವಾಡದ ಐದು ಮಂದಿಯನ್ನು ಕೂರಿಸಿಕೊಂಡು ಇಟಗಿಯಿಂದ ಹೊಲದ ದಾರಿ ಹಿಡಿದೆವು. ಮೊದಲು ಟೈರಿನ ಗೀರು ಮುಚ್ಚಿ ಬೋಳಾಯಿತು. ಆಮೇಲೆ ಗಾಲಿ ಊದುತ್ತ ಹೋಯಿತು, ನೀವು ಹೇಳಿದ ಹಾಗೆಯೇ. ಆಮೇಲೆ ಸಂದಿಯೆಲ್ಲ ಕರಿ ಮಣ್ಣು ಗಿಡಿದು ನಾಲ್ಕೂ ಗಾಲಿ ನಿಂತುಬಿಟ್ಟವು. ಇಂಜಿನ್ನು ಅರಚಿತು, ಗಾಡಿ ಕದಲಲಿಲ್ಲ. ಬಂದವರು ಬೂಟು ಕೈಯಲ್ಲಿ ಹಿಡಿದು ಎರಡು ಹರದಾರಿ ನಡೆದರು. ಒಬ್ಬ ಹೆಣ್ಣುಮಗಳು ಜಾರಿ ಬಿದ್ದು ಕೈ ಉಳುಕಿಸಿಕೊಂಡಳು. ಆಮೇಲೆ ಅವರು ಎಲ್ಲೆಲ್ಲಿ ಏನೇನು ಬರೆದರೋ, ಮಳೆಗಾಲಕ್ಕೆ ಗೊತ್ತುಮಾಡಿದ್ದವರು ಒಬ್ಬೊಬ್ಬರಾಗಿ ಬರುವುದಿಲ್ಲ ಎಂದರು.

ಸುದ್ದಿ ಕೇಳಿ ನೀವು ಮರುದಿನ ಹಾರೆ ಹಿಡಿದು ಬಂದಿರಿ. ಯಾರೂ ಕರೆದಿರಲಿಲ್ಲ. ಮುಂಜಾನೆಯಿಂದ ಇಳಿಹೊತ್ತಿನವರೆಗೆ ಮಡ್‌ಗಾರ್ಡಿನ ಸಂದಿಯಿಂದ ಮಣ್ಣು ಕೆತ್ತಿದಿರಿ. ಅರವತ್ತು ದಾಟಿದ ಕೈ. ಕಡೆಗೆ ಹಾರೆ ಊರಿ ನಿಂತು, "ನನ್ನ ಮಾತು ಕೇಳಿ ಕೆಟ್ಟಿ ಶರಣಪ್ಪಾ," ಅಂದಿರಿ.

"ಇರ್ಲಿ ಬಿಡ್ರಿ ಮೇಸ್ತ್ರಿ," ಅಂದ ಅಣ್ಣ.

ಅಂದರೆ ಹೌದು ಎಂದೇ ಅರ್ಥ. ಅದು ನಿಮಗೂ ತಿಳಿಯಿತು, ನನಗೂ ತಿಳಿಯಿತು. ನಾನು ಮೂರು ಮಾರು ದೂರದಲ್ಲಿ ಬುಟ್ಟಿ ಹಿಡಿದು ನಿಂತಿದ್ದೆ. ಬಾಯಿ ತೆರೆದೆ — ಖರೇ ಹೇಳುತ್ತೇನೆ, ಹೇಳಲೆಂದೇ ತೆರೆದೆ. ಹೊರಗೆ ಬಂದದ್ದು ಕೆಸರಲ್ಲಿ ಸಿಕ್ಕ ಇಂಜಿನ್ನಿನ ಅರಚಾಟದ ಅನುಕರಣೆ. ಯಾರೂ ನಗಲಿಲ್ಲ.

ಅಲ್ಲಿಂದ ಮುಂದೆ ನೀವು ಯಾರ ಗಾಡಿಯ ಸುತ್ತಲೂ ಸುತ್ತು ಹೊಡೆಯಲಿಲ್ಲ. ಕೆಟ್ಟದ್ದನ್ನು ರಿಪೇರಿ ಮಾಡುತ್ತಿದ್ದಿರಿ, ಇದು ತಗೋ ಅದು ಬಿಡು ಎಂದು ಮಾತ್ರ ಅನ್ನಲಿಲ್ಲ. ಕುಷ್ಟಗಿಯಿಂದ ಬಂದವರನ್ನೂ ಹಾಗೇ ಕಳಿಸಿದಿರಿ. ಎರಡು ವರ್ಷ ಕಳೆದ ಮೇಲೆ ಗಂಗಾವತಿಗೆ ಕಣ್ಣು ತೋರಿಸಲು ಹೊರಟಾಗ ಜೊತೆಗೆ ನನ್ನನ್ನು ಕರೆದಿರಿ — "ದಾರಿ ಹೊತ್ತು ಹೋಗತೈತಿ, ಬಾರೋ ತಮ್ಮಾ, ನಗಸ್ಕೋತ ನಡಿ" ಎಂದು. ಡಾಕ್ಟರು ಎರಡೂ ಕಣ್ಣು ನೋಡಿ, ಈ ವಯಸ್ಸಿಗೆ ಇಷ್ಟು ಚೊಕ್ಕ ಕಣ್ಣು ಅಪರೂಪ ಅಂದರು. ಬಸ್ಸಿನಲ್ಲಿ ನೀವು ಕಿಟಕಿಯ ಕಡೆ ಮುಖ ಮಾಡಿ ಹೇಳಿದಿರಿ:

"ಡಾಕ್ಟರು ಸಮಾಧಾನಕ್ಕ ಹೇಳ್ಯಾರ. ಕಣ್ಣು ಛಲೋ ಇದ್ರ ಅವತ್ತು ನನಗ ಯಾಕ ತಿಳೀಲಿಲ್ಲ? ಅಲ್ಲಲೇ, ಮೊದಲ ತಿಳದಿತ್ತು. ತಿಳದದ್ದನ್ನ ಬಿಟ್ಟೆ. ಕಾಲಿಗೆ ಗಟ್ಟಿ ಹತ್ತಿತ್ತು, ಅದನ್ನೂ ಬಿಟ್ಟೆ. ನನ್ನೊಳಗ ಏನೋ ಕೆಟ್ಟೈತಿ."

ಮೊಳಕಾಲಿಗೆ ಮೊಳಕಾಲು ತಾಗಿಸಿ ಕೂತಿದ್ದೆ. ಕೊಪ್ಪಳ ಬರುವ ತನಕ ಸಮಯವಿತ್ತು. ಒಂದೇ ಒಂದು ಮಾತು ಸಾಕಾಗಿತ್ತು — ನಾನು ಕಂಡಕ್ಟರನ ಸೀಟಿ ಊದಿದೆ. ಕೊಪ್ಪಳ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಬುಟ್ಟಿಯಲ್ಲಿಟ್ಟು ಮಾರುವವನ ಹತ್ತಿರ ನೀವು ಒಂದು ಕನ್ನಡಕ ಕೊಂಡಿರಿ. ಯಾವುದು ಒಪ್ಪುತ್ತದೆ ಎಂದು ಕೇಳಿದಿರಿ. ಆರಿಸಿಕೊಟ್ಟವನೂ ನಾನೇ.

ಈ ನಡುವೆ ನನಗೆ ಸ್ವಲ್ಪ ಹೆಸರೂ ಬಂತು. ಮದುವೆ ಮನೆ, ಶಾಲೆಯ ಗ್ಯಾದರಿಂಗು ಎಲ್ಲ ಕಡೆ ಕರೆಯುತ್ತಾರೆ. ಮಂದಿ ಮತ್ತೆ ಮತ್ತೆ ಕೇಳುವುದು "ಮೇಸ್ತ್ರಿ" ವೇಷವನ್ನೇ. ಮುಷ್ಟಿ ಕಟ್ಟಿದರೆ ಸಾಕು, ಸೀಟಿ ಬೀಳುತ್ತವೆ. ಮುಷ್ಟಿ ಬಿಚ್ಚುವಾಗ ಪ್ರತಿ ಸಲ, ಇಪ್ಪತ್ತೆಂಟಕ್ಕೇ ಮುದುಕನಾದೆನೇನೋ ಅನಿಸುತ್ತದೆ. ಎಲ್ಲರನ್ನೂ ಅಣಕಿಸುವವನಿಗೆ ಮನೆಗೆ ಬಂದ ಮೇಲೆ ಮಾತಾಡಲು ಯಾವ ದನಿಯೂ ಉಳಿಯುವುದಿಲ್ಲ.

ಹೋದ ವಾರ ಅಣ್ಣ ನಿಮ್ಮ ಹತ್ತಿರ ಬಂದಿದ್ದ. ಬೆಳ್ಳಿ ಗಾಡಿ ಮಾರಿ ಎಷ್ಟೋ ವರ್ಷ ಬೇರೆಯವರ ಗಾಡಿ ಓಡಿಸಿ, ಈಗ ಮತ್ತೆ ತನ್ನದೇ ಒಂದು ಫೋರ್ ವೀಲ್ ಕೊಳ್ಳುವ ಧೈರ್ಯ ಮಾಡಿದ್ದಾನೆ. ಎರಡು ಗಾಡಿ ನೋಡಿದ್ದಾನೆ, ನೀವು ಬಂದು ಒಂದು ಮಾತು ಹೇಳಬೇಕೆಂದು ಆಸೆ. ನೀವು ಸ್ಪ್ಯಾನರ್ ಕೆಳಗಿಡದೆ ಅಂದಿರಂತೆ: "ನನ್ನ ಒಯ್ಯಬ್ಯಾಡೋ ಶರಣಪ್ಪಾ. ನನ್ನ ನೋಟ ಹೋಗೈತಿ. ಒಮ್ಮೆ ನಿನ್ನ ಕೆಡಿಸೀನಿ, ಸಾಕು."

ಅಣ್ಣ ಅದನ್ನು ಊಟಕ್ಕೆ ಕೂತಾಗ ಹೇಳಿದ. ತಾಟಿನ ಮುಂದೆಯೇ ಹೇಳಿಬಿಟ್ಟೆ — ಕವಲು, ಹೆಂಟೆ, ಗರಸು, ಎಲ್ಲ. ಅಣ್ಣ ಹೊಡೆಯುತ್ತಾನೆ ಎಂದುಕೊಂಡಿದ್ದೆ, ಹೊಡೆಯಲಿ ಎಂದೂ ಅನಿಸಿತ್ತು. ಅವನು ಮುರಿದ ರೊಟ್ಟಿಯನ್ನು ತಿರುಗಿ ತಾಟಿನಲ್ಲಿಟ್ಟ.

ವೈನಿಯೇ ಮೊದಲು ಮಾತಾಡಿದ್ದು. "ಏಳು ವರ್ಷ ಇದನ್ನ ಹೊಟ್ಟ್ಯಾಗ ಇಟಗೊಂಡು ನಕ್ಕೋತ ಹೆಂಗ ತಿರಗಿದ್ಯೋ?"

ಆಮೇಲೆ ಅಣ್ಣ ಅಂದ: "ನನಗ ಹೇಳಿ ಏನ್ ಮಾಡ್ತಿ? ಗಾಡಿ ಬಂತು, ಹೋತು, ಇನ್ನೊಂದು ಬರತೈತಿ. ಆ ಮನಷ್ಯಾಂದು ಏನ್ ಹೋತು, ಅದನ್ನ ಯಾವ ಶೋರೂಮಿನ್ಯಾಗ ತರತಿ? ಹೋಗು, ಅವ್ರ ಮುಂದ ಹೇಳು."

ಅದಕ್ಕೇ ಈ ಕಾಗದ. ಮೊದಲು ನೀವೊಬ್ಬರೇ ಓದಿ. ಬರುವ ಸಂತೆಯ ದಿನ, ನಿಮ್ಮ ಗ್ಯಾರೇಜಿನ ಎದುರಿನ ಚಹಾದಂಗಡಿಯಲ್ಲಿ ಮಂದಿ ತುಂಬಿದಾಗ ಬರುತ್ತೇನೆ. ಬದುವಿನ ಮೇಲೆ ನಕ್ಕವರಲ್ಲಿ ಬಹಳ ಮಂದಿ ಅಲ್ಲೇ ಇರುತ್ತಾರೆ. ಅವರ ಮುಂದೆ ನಿಂತು, ಯಾರ ದನಿಯನ್ನೂ ತೆಗೆಯದೆ, ಇಷ್ಟನ್ನೂ ಬಾಯಿಬಿಟ್ಟು ಹೇಳುತ್ತೇನೆ. ನನ್ನ ದನಿ ಹೇಗಿದೆಯೋ ನನಗೇ ಸರಿಯಾಗಿ ಗೊತ್ತಿಲ್ಲ. ತೊದಲಬಹುದು. ಇವನು ಇದನ್ನೂ ತಮಾಷೆಗೆ ಮಾಡುತ್ತಿದ್ದಾನೆ ಎಂದು ಮಂದಿ ನಗಲೂಬಹುದು. ನಕ್ಕರೆ, ನಗು ನಿಲ್ಲುವ ತನಕ ನಿಂತು ಮತ್ತೆ ಮೊದಲಿನಿಂದ ಹೇಳುತ್ತೇನೆ.

ಒಂದೇ ಬೇಡಿಕೆ. ನೀವು "ಹೋಗ್ಲಿ ಬಿಡೋ ತಮ್ಮಾ" ಅನ್ನುವವರು. ನಿಮ್ಮ ಬಾಯಿಗೆ ಮೊದಲು ಬರುವುದೇ ಅದು. ಈ ಸಲ ಅನ್ನಬೇಡಿ. ಸಿಟ್ಟಾಗಿ, ಮೇಸ್ತ್ರಿ. ಸಂತೆಯ ನಡುವೆ, ಎಲ್ಲರೆದುರು, ಬಾಯಿಗೆ ಬಂದ ಹಾಗೆ ಬೈಯಿರಿ. ನೀವು ನನ್ನ ಮೇಲೆ ಸಿಟ್ಟಾದರೆ, ಇನ್ನು ಮುಂದೆ ನಿಮ್ಮ ಮೇಲೆ ನೀವು ಸಿಟ್ಟಾಗುವುದಿಲ್ಲ ಎಂದು ತಿಳಿಯುತ್ತೇನೆ.